ಗಂಗವ್ವನ ಗೇಣು

ಈ ಸೀಮೆಗೆ ಬಂದ ಮಾರನೆಯ ಬೆಳಗ್ಗೆ ನಾನು ಮೊದಲು ಕಂಡದ್ದು ಇದು: ಟೊಪ್ಪಿ, ಬೂಟು ಹಾಕಿದ ಸರ್ಕಾರಿ ಸಾಹೇಬರೊಬ್ಬರು ರಸ್ತೆಯಲ್ಲಿ ಮಂಡಿಯೂರಿ ಕುಳಿತು ಆನೆಯ ಲದ್ದಿಯನ್ನು ತಕ್ಕಡಿಯಲ್ಲಿ ತೂಗುತ್ತಿದ್ದರು. ತೂಗಿದ ಮೇಲೆ ಅದನ್ನು ಕಡ್ಡಿಯಿಂದ ಬಿಡಿಸಿ, ಒಳಗಿದ್ದ ಬೀಜಗಳನ್ನು ಒಂದೊಂದಾಗಿ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಕೈ ತೊಳೆದು ನನಗೆ ನಮಸ್ಕಾರ ಮಾಡಿದರು. ನಾನು ತಿರುಗಿ ಕೈಮುಗಿಯುವುದನ್ನೂ ಮರೆತು ಮನೆಗೆ ಓಡಿದೆ.

"ದೇವೀರೀ, ಇಲ್ಲಿ ಯಾರಿಗೋ ತಲೆ ಕೆಟ್ಟದೆ ಕಣವ್ವ!"

ತುಂಬಿದ ಬಸುರಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ರು ಕಾಡುಪ್ರಾಣಿ ಸಾಹೇಬ್ರು ಕಣಪ್ಪಾ. ಆನೆ ಏನು ತಿಂತು ಅಂತ ನೋಡ್ತಾರೆ. ನಿನ್ ಅಳಿಯನ ಸಾಹೇಬ್ರು ಬೇರೆ. ಅವ್ರು ನೀರು ಬರೆಯೋರು."

ನೀರು ಬರೆಯೋರು! ಲದ್ದಿ ತೂಗುವುದನ್ನಾದರೂ ಹೇಗೋ ನುಂಗಿಕೊಂಡೆ, ಈ ಮಾತು ಗಂಟಲಲ್ಲೇ ನಿಂತಿತು.

ಯಾಕೆಂದು ಅರಸೀಕೆರೆ ಕಡೆಯ ನನ್ನ ಊರಿನವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಾನು ಕೆಂಚಯ್ಯ, ಮೂರು ತಲೆಮಾರಿನಿಂದ ಊರ ಕೆರೆಯ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ನಮ್ಮ ಮನೆತನದ ಕೆಲಸ. ಓದಿದ್ದು ಮೂರನೆಯ ಕ್ಲಾಸು. ಅಂಕಿ ಬರುತ್ತದೆ, ಅಕ್ಷರ ನಿಧಾನವಾಗಿ ಬರುತ್ತದೆ. ಇದನ್ನು ಬರೆಯಲು ಹತ್ತು ದಿನ ಹಿಡಿದಿದೆ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನೀರು ಎಂದರೆ ನನಗೆ ಹಂಚುವ ಪದಾರ್ಥ. ಹಂಚದೆ, ಹಾಯಿಸದೆ, ಅದು ಹರಿದು ಹೋಗುವುದನ್ನು ಸುಮ್ಮನೆ ನೋಡಿ ಬರೆದಿಡುವುದಕ್ಕೆ ಸಂಬಳ ಕೊಡುವ ಸರ್ಕಾರ ಭೂಮಿಯ ಮೇಲೆ ಇದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ನನ್ನ ಅಳಿಯ ಸಿದ್ದಪ್ಪನಿಗೆ ಸಿಕ್ಕಿದ್ದು ಆ ಕೆಲಸ. ಫ್ರೇಜರ್‌ಪೇಟೆಯ ಹತ್ತಿರ ಕಾವೇರಿ ಹೊಳೆಯ ದಂಡೆಯಲ್ಲಿ ಬಿಳಿ ಬಣ್ಣ ಬಳಿದ ಒಂದು ಕಂಬ ನಿಲ್ಲಿಸಿದ್ದಾರೆ. ಅದರ ಮೇಲೆ ಅಡಿ, ಅಂಗುಲದ ಕರಿ ಗೆರೆಗಳು. ದಿನಕ್ಕೆ ಮೂರು ಹೊತ್ತು ಹೋಗಿ, ನೀರು ಯಾವ ಗೆರೆ ಮುಟ್ಟಿದೆಯೆಂದು ನೋಡಿ, ಬರೆದು ದಿಬ್ಬದ ಮೇಲಿನ ಬಂಗಲೆಗೆ ಮುಟ್ಟಿಸಬೇಕು. ಬಂಗಲೆಯಲ್ಲಿ ಶೇಷಾದ್ರಿ ಸಾಹೇಬರು ಅದನ್ನು ದೊಡ್ಡ ಕಾಗದದ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ. ಮೈಸೂರಿನಲ್ಲಿ ಓದಿದವರು, ತೆಳ್ಳಗಿನ ಆಳು, ಮಾತು ಕಮ್ಮಿ.

ನಾನು ಬಂದದ್ದು ಬಾಣಂತನಕ್ಕೆ. ನೀವು ನಗುತ್ತೀರಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಆದರೆ ತವರಿನಲ್ಲಿ ಅವಳ ತಾಯಿಯೇ ಇಲ್ಲವಲ್ಲ. ನನ್ನ ಹೆಂಡತಿ ತಾಯಮ್ಮ ತೀರಿಕೊಂಡಿದ್ದಳು. ಮದುವೆಯಾಗಿ ಎಂಟು ವರ್ಷದ ಮೇಲೆ ಮಗಳಿಗೆ ನಿಂತ ಮೊದಲ ಬಸಿರು. ಕೆರೆಯನ್ನು ತಮ್ಮನ ಮಗ ಹನುಮಂತನ ಕೈಗೆ ಒಪ್ಪಿಸಿ, ತವರನ್ನೇ ಗಂಟು ಕಟ್ಟಿಕೊಂಡು ನಾನು ಇಲ್ಲಿಗೆ ಬಂದೆ. ಮೂರು ತಿಂಗಳಿಗೆಂದು ಬಂದವನು. ಈಗ ಮೂರು ವರ್ಷ.

ಸೇತುವೆಯ ಆ ಕಡೆ ಮೈಸೂರು ಸೀಮೆ, ಈ ಕಡೆ ಕೊಡಗು ರಾಜ್ಯ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ನಡೆದು ದಾಟಬಹುದು. ಆದರೆ ದಾಟಿದ ಮೇಲೆ ಎಲ್ಲವೂ ಬೇರೆ. ನಮ್ಮಲ್ಲಿ ಬೆಳಗ್ಗೆ ಎದ್ದು ಆಕಾಶ ನೋಡುತ್ತೇವೆ, ಮೋಡ ಇದೆಯೋ ಎಂದು. ಇಲ್ಲಿಯೂ ನೋಡುತ್ತಾರೆ, ಸ್ವಲ್ಪವಾದರೂ ಬಿಡುವು ಇದೆಯೋ ಎಂದು. ನಮ್ಮಲ್ಲಿ ಮಳೆ ಬಂದರೆ ಮನೆಯಿಂದ ಹೊರಗೆ ಓಡುತ್ತೇವೆ. ಇಲ್ಲಿ ಒಲೆಯ ಹತ್ತಿರ ಸರಿಯುತ್ತಾರೆ. ಒಗೆದ ಪಂಚೆ ಐದು ದಿನವಾದರೂ ಒಣಗಲಿಲ್ಲವೆಂದು ನಾನು ಬೊಬ್ಬೆ ಹಾಕಿದರೆ ಮನೆಯೊಡತಿ ಬೊಳ್ಳಮ್ಮನವರು, "ಎಂತ ಅಜ್ಜ, ಒಲೆ ಮೇಲೆ ಹಗ್ಗ ಕಟ್ಟಿದ್ದುಂಟಲ್ಲ, ಅದ್ಯಾಕೆ ಅಂತ ಮಾಡಿದ್ರಿ?" ಎಂದರು. ಅವರ ಹಿತ್ತಿಲ ಎರಡು ಕೋಣೆಯ ಮನೆಯಲ್ಲಿ ನಾವಿರುವುದು. ಅಂದಿನಿಂದ ನನ್ನ ಪಂಚೆಗೆಲ್ಲ ಹೊಗೆಯ ವಾಸನೆ. ಈಗ ಊರಿಗೆ ಬಂದರೆ ನಿಮ್ಮ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಅದೂ ಗೊತ್ತು.

ಭಾಷೆಯ ಪಾಡು ಇನ್ನೊಂದು. ಪೇಟೆಯ ಒಂದೇ ಅಂಗಡಿಯ ಮುಂದೆ ನಿಂತರೆ ಕೊಡವ, ಅರೆಭಾಷೆ, ಮಲಯಾಳ, ತಮಿಳು, ತುರುಕರ ಮಾತು, ಎಲ್ಲ ಒಟ್ಟಿಗೇ ಕಿವಿಗೆ ಬೀಳುತ್ತವೆ. ಅಂಗಡಿಯವನು ಎಲ್ಲರಿಗೂ ಅವರವರ ಮಾತಿನಲ್ಲೇ ಬೈಯುತ್ತಾನೆ. ನನಗೆ ಮಾತ್ರ ಕನ್ನಡದಲ್ಲಿ ಬೈದ. ಎಷ್ಟು ಸಂತೋಷವಾಯಿತೆಂದರೆ ಇನ್ನೂ ಅರ್ಧ ಸೇರು ಉಪ್ಪು ಹೆಚ್ಚಿಗೆ ಕಟ್ಟಿಸಿಕೊಂಡೆ.

ಊಟದಲ್ಲಿ ರಾಗಿ ಮುದ್ದೆಗಾಗಿ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಹೆದರಿ ಅತ್ತದ್ದು ಒಂದೇ ಸಲ. ಆಷಾಢದ ಜಡಿಮಳೆಯ ತಿಂಗಳಿಗೆ ಇವರು ಕಕ್ಕಡ ಎನ್ನುತ್ತಾರೆ. ಅದರ ಹದಿನೆಂಟನೆಯ ದಿನ ಮದ್ದುಸೊಪ್ಪು ಎಂಬ ಕಾಡುಗಿಡದ ರಸದಲ್ಲಿ ಪಾಯಸ ಮಾಡುತ್ತಾರೆ, ನೇರಳೆ ಬಣ್ಣಕ್ಕೆ ಬರುತ್ತದೆ. ಬೊಳ್ಳಮ್ಮನವರು ಒಂದು ಚೊಂಬು ಕಳಿಸಿದರು. ಪೂರಾ ಕುಡಿದೆ. ಮಾರನೆಯ ಬೆಳಗ್ಗೆ ಹಿತ್ತಿಲಿಗೆ ಹೋದರೆ ಉಚ್ಚೆ ಕೆಂಪಗೆ! ಇನ್ನು ನನ್ನ ಕತೆ ಮುಗಿಯಿತೆಂದು ಮಗಳಿಗೆ ನನ್ನ ಬೆಳ್ಳಿ ಉಡಿದಾರ ಎಲ್ಲಿದೆಯೆಂದು ಹೇಳಿಬಿಟ್ಟೆ. ಬೊಳ್ಳಮ್ಮನವರು ಬೇಲಿಯಾಚೆಯಿಂದಲೇ ಕೂಗಿದರು: "ಅಯ್ಯೋ ಅಜ್ಜ, ಇವತ್ತು ಇಡೀ ಕೊಡಗಿಗೇ ಹಾಗೆ! ಕೆಂಪಾದ್ರೆ ಮದ್ದು ಹಿಡೀತು ಅಂತ ಲೆಕ್ಕ!"

ಆದರೆ ಇದೆಲ್ಲಕ್ಕೂ ಮೊದಲು, ಮಳೆ ಹಿಡಿಯುವ ಹೊತ್ತಿಗೇ, ನನ್ನ ಮೊಮ್ಮಗಳು ಹುಟ್ಟಿದ್ದಳು.

ಹೇಗೆ ಬರೆಯಲಿ? ಕೆಳಗಿನ ಕೇರಿಯ ಸೂಲಗಿತ್ತಿ ಪಾತುಮ್ಮ ಬಾಗಿಲು ತೆರೆದು, ಮಲಯಾಳ ಬೆರೆಸಿದ ಕನ್ನಡದಲ್ಲಿ, "ಅಜ್ಜಾ, ಮೋಳು ಬಂದ್ಲು" ಎಂದಳು. ಮೋಳು ಎಂದರೆ ಮಗಳು. ಕೈಗೆ ಕೊಟ್ಟಳು. ಕೆರೆ ಕೋಡಿ ಬಿದ್ದ ವರ್ಷ ನಮ್ಮಪ್ಪ ಏರಿಯ ಮೇಲೆ ಕುಣಿದಿದ್ದನಲ್ಲ, ಹಾಗೆ ಕುಣಿದೆ. ಗಂಡು ಹುಟ್ಟಿದರೆ ಕೋವಿ ಹಾರಿಸುವುದು ಇಲ್ಲಿನ ಕೊಡವರ ಪದ್ಧತಿಯಂತೆ. ಹುಟ್ಟಿದ್ದು ಹೆಣ್ಣು, ನಾವು ಕೊಡವರೂ ಅಲ್ಲ. ಆದರೂ ನನ್ನ ಕುಣಿತ ನೋಡಿ ಬೊಳ್ಳಮ್ಮನವರ ಯಜಮಾನರು ಒಳಗಿಂದ ಕೋವಿ ತಂದು ಒಂದು ಗುಂಡು ಹಾರಿಸಿಯೇಬಿಟ್ಟರು. ಆ ಸದ್ದಿಗೆ ನಾನು ಜಗಲಿಯಿಂದ ಕೆಳಗೆ ಬಿದ್ದೆ. ಕೂಸು ಮಾತ್ರ ಅಳಲಿಲ್ಲ. ಅಜ್ಜಿಯ ಹೆಸರನ್ನೇ ಇಟ್ಟೆವು, ತಾಯಮ್ಮ. ಹೋದವಳು ಹೊಳೆ ದಾಟಿ ನನ್ನನ್ನು ಹುಡುಕಿಕೊಂಡು ಬಂದಿದ್ದಾಳೆ ಅನ್ನಿಸಿತು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಊರಿನವರು ಬೇರೆ ಯಾರ ಬಾಯಲ್ಲೋ ಕೇಳುವುದಕ್ಕಿಂತ ನನ್ನ ಕೈಯಿಂದಲೇ ಓದಲಿ.

ಪಾಯಸದ ಕತೆಯಾಗಿ ವಾರಕ್ಕೆ ಸಿದ್ದಪ್ಪನಿಗೆ ಚಳಿಜ್ವರ ಹಿಡಿಯಿತು. ಜ್ವರ ಕೂಸಿಗೆ ತಗಲಬಾರದೆಂದು ಪಾತುಮ್ಮ ತಾಯಿ ಮಗು ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊಳೆದಂಡೆಯ ತಗ್ಗಿನಲ್ಲಿ, ಮಣ್ಣುಗೋಡೆಯ ಹತ್ತು ಹದಿನೈದು ಮನೆಗಳ ಕೇರಿ ಅದು. ಅಳತೆಗೆ ಹೋಗುವವರಿಲ್ಲ. ಅಳಿಯ ಕಂಬಳಿಯೊಳಗಿಂದ, "ಮಾವ, ನೀವೇ ಎರಡು ದಿನ ನೋಡಿ. ನೀರು ಯಾವ ಗೆರೆ ಮುಟ್ಟಿದ್ಯೋ ಅದನ್ನ ಬರೀರಿ, ಅಷ್ಟೇ" ಎಂದ.

"ನೀರು ನೋಡೋದನ್ನ ನೀನು ನಂಗೆ ಕಲಿಸ್ತೀಯೇನಲೇ?" ಎಂದು ಅವನನ್ನು ರೇಗಿಸಿ ಹೋದೆ.

ಇಲ್ಲೇ ಆದದ್ದು. ನಮ್ಮಲ್ಲಿ ನೀರುಗಂಟಿ ಕೆರೆಯಲ್ಲಿರುವಷ್ಟು ನೀರನ್ನು ಊರಿಗೆ ಹೇಳುವುದಿಲ್ಲ. ತೂಬಿನ ಕಲ್ಲಿನಲ್ಲಿ ಎಂಟು ಗೇಣು ಇದ್ದರೆ ಏಳು ಎನ್ನುತ್ತಾನೆ. ಒಂದು ಗೇಣು ನೀರಿನ ತಾಯಿ ಗಂಗವ್ವನದು. ಅದನ್ನು ಬಾಯಿಂದ ಹೇಳಬಾರದು, ಹೇಳಿದರೆ ಗದ್ದೆಗೆ ಹೋಗಿಬಿಡುತ್ತದೆ. ಬೇಸಿಗೆಯ ಕೊನೆಗೆ ದನಕರು ಬದುಕುವುದು ಆ ಹೇಳದ ಗೇಣಿನಲ್ಲಿ. ಇದು ನಿಮಗೆಲ್ಲ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತೀರಿ. ನನಗೆ ಅಪ್ಪ ಕಲಿಸಿದ, ಅಪ್ಪನಿಗೆ ಅವನಪ್ಪ. ನಲವತ್ತು ವರ್ಷದಲ್ಲಿ ನಾನೊಮ್ಮೆಯೂ ಪೂರಾ ನೀರು ಹೇಳಿದವನಲ್ಲ.

ಕಂಬದ ಒಣಗಿದ ಕಡೆ ಗೇಣು ಇಟ್ಟು ನೋಡಿದೆ. ಸರಿಯಾಗಿ ಒಂಬತ್ತು ಗೆರೆ. ಅಷ್ಟು ಕಳೆದು ಬರೆದೆ. ಆ ದಿನ ಮೂರು ಹೊತ್ತೂ, ಮಾರನೆಯ ದಿನ ಮೂರು ಹೊತ್ತೂ ಹಾಗೆಯೇ. ಸುಳ್ಳು ಬರೆಯುತ್ತಿದ್ದೇನೆ ಎಂಬ ಯೋಚನೆ ಒಂದು ಸಲವೂ ಬರಲಿಲ್ಲ. ದೇವರ ಮುಂದೆ ದೀಪ ಹಚ್ಚಿದಷ್ಟು ಸಮಾಧಾನ.

ಮೂರನೆಯ ದಿನ ಬೆಳಗ್ಗೆಯಿಂದ ಹೊಳೆ ಏರುತ್ತಲೇ ಹೋಯಿತು. ಹಂಡೆ ಬಣ್ಣದ ನೀರು, ಬೇರುಸಮೇತ ಬಂದ ಬಿದಿರು ಮೆಳೆಗಳು, ಒಂದು ದನದ ಕೊಟ್ಟಿಗೆಯ ಮಾಡು. ನನಗೋ ಹಬ್ಬ! ನೀರು ಏರುವುದನ್ನು ಕಂಡು ಹೆದರಬೇಕು ಎಂಬುದೇ ನನಗೆ ತಿಳಿಯದು. ನಮ್ಮ ಸೀಮೆಯಲ್ಲಿ ಯಾರಿಗೆ ತಿಳಿದಿದೆ, ಹೇಳಿ? ಮಧ್ಯಾಹ್ನ ಕಂಬ ನೋಡಿದರೆ ಹದಿನಾಲ್ಕು ಅಡಿ. ಗಂಗವ್ವನ ಗೇಣು ಬಿಟ್ಟು ಹದಿಮೂರು ಅಡಿ ಮೂರು ಅಂಗುಲ ಎಂದು ಬರೆದು, ಪುಸ್ತಕವನ್ನು ಬಗಲಲ್ಲಿ ಅವಚಿಕೊಂಡು ದಿಬ್ಬ ಹತ್ತಿದೆ. ಬಾಗಿಲಲ್ಲೇ ಕೂಗಿದೆ:

"ಸ್ವಾಮೀ, ಎಂಥಾ ನೀರು! ಇಷ್ಟು ನೀರು ನಮ್ಮೂರಿಗೆ ಒಂದು ದಿನ ಬಂದ್ರೆ ಮೂರು ವರ್ಷ ಉಣ್ತೀವಿ!"

ಸಾಹೇಬರು ನಗಲಿಲ್ಲ. ಪುಸ್ತಕ ನೋಡಿ ಉಸಿರು ಬಿಟ್ಟರು. "ಹದಿಮೂರು ಕಾಲು. ಸದ್ಯ. ಅಜ್ಜ, ಇನ್ನು ಗಂಟೆಗೊಂದು ಸಲ ನೋಡಿ. ಹದಿನಾಲ್ಕು ಮುಟ್ಟಿದ ತಕ್ಷಣ ಕೆಳಗಿನ ಕೇರಿ ಖಾಲಿ ಮಾಡಿಸಬೇಕು."

"ಹದಿನಾಲ್ಕಕ್ಕೆ ಏನಾಗುತ್ತೆ ಸ್ವಾಮಿ?"

"ಏನೂ ಆಗೋಲ್ಲ. ಹದಿನೈದಕ್ಕೆ ಹೊಳೆ ದಂಡೆ ಮೀರಿ ಕೇರಿಯೊಳಗೆ ನುಗ್ಗುತ್ತೆ. ಅಷ್ಟರಲ್ಲಿ ಜನ ದಿಬ್ಬ ಹತ್ತಿರಬೇಕು. ಅದಕ್ಕೇ ಒಂದಡಿ ಮುಂಚೆ ಹೇಳೋದು. ಈ ಅಳತೆ ಎಲ್ಲಾ ಮತ್ತೆ ಯಾಕೆ ಅಂದುಕೊಂಡಿರಿ?"

ಕೇರಿಯಲ್ಲಿ ಪಾತುಮ್ಮನ ಮನೆ. ಅಲ್ಲಿ ನನ್ನ ಮಗಳು. ಅವಳ ಮಡಿಲಲ್ಲಿ ಎರಡು ತಿಂಗಳ ತಾಯಮ್ಮ. ಬಾಯಿ ತೆರೆದರೆ ಅಳಿಯನ ಕೆಲಸ ಹೋಗುತ್ತದೆ ಎಂಬುದೂ ಆ ಗಳಿಗೆಯಲ್ಲೇ ಹೊಳೆಯಿತು. ಎಂಟು ವರ್ಷ ಅಲೆದು ಗಿಟ್ಟಿಸಿದ ಕೆಲಸ.

"ಸ್ವಾಮಿ, ಹದಿನಾಲ್ಕು ಮುಟ್ಟದೆ. ನಾನು ಗಂಗವ್ವನ ಗೇಣು ಕಳೆದು ಬರೆದಿವ್ನಿ."

"ಯಾರ ಗೇಣು?"

ಹೇಳಿದೆ. ಮೂರು ಮಾತಿನಲ್ಲಿ ಹೇಳಿದೆನೋ ಮೂವತ್ತರಲ್ಲೋ ನೆನಪಿಲ್ಲ. ಅವರ ಕುರ್ಚಿ ಹಿಂದಕ್ಕೆ ಬಿದ್ದದ್ದು ನೆನಪಿದೆ. ಟೊಪ್ಪಿ ಇಲ್ಲ, ಕೊಡೆ ಇಲ್ಲ, ಸಾಹೇಬರು ಇಳಿಜಾರಿನಲ್ಲಿ ಓಡುತ್ತಿದ್ದರು. ಹಿಂದೆ ನಾನು.

ಕೇರಿಯಲ್ಲಿ ಪಾತುಮ್ಮ ಬಾಗಿಲಲ್ಲಿ ಕುಳಿತು ಮೀನು ಕೊಯ್ಯುತ್ತಿದ್ದಳು. ಏಳಿ, ಹೊರಡಿ ಎಂದರೆ ಅಲುಗಲಿಲ್ಲ. "ಎಂತಕ್ಕೆ? ಬೆಳಗ್ಗೆ ಬಂಗಲೆಯಲ್ಲಿ ಪುಸ್ತಕ ನೋಡಿ ಅಂಚೆಯವನು ಹೇಳಿದ್ದುಂಟು, ಹನ್ನೆರಡು ಕಾಲು ಅಂತ. ಸರ್ಕಾರದ ಲೆಕ್ಕ ಅಲ್ವಾ ಅದು? ಪ್ರತಿ ವರ್ಷ ನೋಡ್ತೇವೆ, ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ."

"ಆ ಲೆಕ್ಕ ಸುಳ್ಳು ಕಣವ್ವ. ಬರೆದೋನು ನಾನೇ."

ಅವಳ ಕೈಯಲ್ಲಿದ್ದ ಮೀನು ಕೆಳಗೆ ಬಿತ್ತು. ಕೇರಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಎಲ್ಲರ ಎದುರಿಗೂ ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ, ಮಳೆಯ ಸದ್ದಿನ ಮೇಲೆ.

"ನೀರಿಗೂ ಕಳ್ಳಲೆಕ್ಕ ಬರೆಯೋ ಮನುಷ್ಯನ್ನ ಈಗಲೇ ನೋಡಿದ್ದು ನಾನು!" ಎಂದಳು ಪಾತುಮ್ಮ. ಬೈಯುತ್ತಲೇ ಒಳಗೆ ಹೋಗಿ, ಗದ್ದೆ ಕೆಲಸದವರು ಬೆನ್ನ ಮೇಲೆ ಹೊದೆಯುವ, ಎಲೆಯಿಂದ ಹೆಣೆದ ಗೊರಬನ್ನು ತಂದು ಅಂಗಾತ ತಿರುವಿದಳು. ಅದು ತೊಟ್ಟಿಲಾಯಿತು. ಅದರಲ್ಲಿ ಕೂಸನ್ನು ಮಲಗಿಸಿ, ಮೇಲೆ ಚಾಪೆ ಮುಚ್ಚಿ ತಲೆಯ ಮೇಲೆ ಹೊತ್ತುಕೊಂಡಳು. ಒಂದು ಕಡೆ ದೇವೀರಿ, ಒಂದು ಕಡೆ ನಾನು. ಮುಂದೆ ಸಾಹೇಬರ ಬಗಲಲ್ಲಿ ಯಾರದೋ ಕುಂಟು ಮುದುಕಿ. ಮೊಣಕಾಲುದ್ದದ ಕೆಸರಿನಲ್ಲಿ ದಿಬ್ಬ ಹತ್ತಿದೆವು. ದಾರಿಯುದ್ದಕ್ಕೂ ಪಾತುಮ್ಮ ಕೂಸಿಗೆ ಹೇಳುತ್ತಿದ್ದಳು: "ಮೋಳೇ, ನಿನ್ನ ಅಜ್ಜನ ಮಾತು ಮಾತ್ರ ನಂಬಬೇಡ, ಹಾಂ?"

ಇಳಿಹೊತ್ತಿಗೆ ಮೊದಲೇ ಹೊಳೆ ಕೇರಿಯೊಳಗೆ ಬಂತು. ದಿಬ್ಬದ ಮೇಲೆ ನಿಂತು ನೋಡಿದೆವು. ಮಣ್ಣುಗೋಡೆ ನೀರಿನಲ್ಲಿ ನೆಂದು, ಸ್ವಲ್ಪ ಹೊತ್ತು ನಿಂತಂತೆ ಮಾಡಿ, ಆಮೇಲೆ ಮಂಡಿ ಮಡಿಚಿದ ಹಾಗೆ ಕೂರುತ್ತದೆ. ಪಾತುಮ್ಮನ ಮನೆಯೂ ಹಾಗೇ ಕೂತಿತು. ಜನ ಒಬ್ಬರೂ ಹೋಗಲಿಲ್ಲ, ಕುರಿ ಕೋಳಿ ಹೋದವು. ಜೀವಮಾನವೆಲ್ಲ ನೀರಿಗೆ ಕೈಮುಗಿದವನು ನಾನು. ಅಂದು ಮೊದಲ ಸಲ ಅದರ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡೆ.

ಸಾಹೇಬರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸಿದ್ದಪ್ಪನಿಗೆ ಎಚ್ಚರಿಕೆ ಪತ್ರ ಬಂತು. ಅವನು ಅದನ್ನು ಓದಿ ಮಡಿಚಿಟ್ಟು, "ಮಾವ, ಕೂಸು ಉಳೀತಲ್ಲ, ಬಿಡಿ" ಎಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೂರನೆಯ ದಿನ ಸಾಹೇಬರು ನಮ್ಮ ಜಗಲಿಗೆ ಬಂದು ಕುಳಿತರು. ಕೈಯಲ್ಲಿ ಅಳತೆಪಟ್ಟಿ. "ಅಜ್ಜ, ಕೈ ಕೊಡಿ. ಗೇಣು ಅಗಲಿಸಿ." ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಅಳೆದರು. ಒಂಬತ್ತು ಅಂಗುಲ, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಪ್ರತಿ ಸಲವೂ ಇಷ್ಟೇ ಕಳೆದಿರಾ? ಒಂದು ಸಲವೂ ಮರೆಯಲಿಲ್ಲವಾ?"

"ಗಂಗವ್ವಂದನ್ನ ಮರೆಯೋಕೆ ಆಗುತ್ತಾ ಸ್ವಾಮಿ?"

"ಸಿದ್ದಪ್ಪ ಮಲಗಿದ ದಿನ ಹೊಳೆ ಇದ್ದಕ್ಕಿದ್ದ ಹಾಗೆ ಮುಕ್ಕಾಲಡಿ ಇಳಿದದ್ದು ಹೇಗೆ ಅಂತ ನಾನು ತಲೆ ಕೆರೆದುಕೊಂಡಿದ್ದೇ ಬಂತು!" ಎಂದು ಮೊದಲ ಸಲ ನಕ್ಕರು. ಪುಸ್ತಕ ತೆರೆದು, ನನ್ನ ಅಂಕಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಒಂಬತ್ತು ಅಂಗುಲ ಏರಿಸಿದರು. ಪಕ್ಕದಲ್ಲಿ ಒಂದು ಸಾಲು ಬರೆದರು. ಓದಿಸಿಕೊಂಡೆ. 'ಈ ಮೂರು ದಿನದ ಅಳತೆಗಳಿಗೆ ಒಂದು ಗೇಣು ಕೂಡಿಸಲಾಗಿದೆ.' ನನ್ನ ಗೇಣು ಸರ್ಕಾರದ ಪುಸ್ತಕದಲ್ಲಿದೆ ಎಂದು ಸಂತೋಷಪಡಲೋ ನಾಚಲೋ ತಿಳಿಯದೆ ಅಂಗೈಯನ್ನೇ ನೋಡುತ್ತ ಕುಳಿತೆ.

ಮಳೆ ನಿಂತ ಮೇಲೆ ಪಾತುಮ್ಮನ ಮನೆಯ ಗೋಡೆ ಕಟ್ಟಿಕೊಟ್ಟವನು ನಾನೇ. ಕೆರೆ ಏರಿಗೆ ಜೇಡಿಮಣ್ಣು ತುಳಿದು ಹದ ಮಾಡಿದ ಕಾಲುಗಳಲ್ಲವೇ. ಈ ಸಲ ದಿಬ್ಬದ ಮೇಲೆ ಕಟ್ಟಿದೆ. ಗೋಡೆ ಮುಗಿಯುವ ಹೊತ್ತಿಗೆ ಪಕ್ಕದ ಮನೆಯವರು, ಅವರ ಪಕ್ಕದವರು ಕರೆದರು. ಹೀಗೆ ನನ್ನ ಮೂರು ತಿಂಗಳು ಮೂರು ವರ್ಷವಾಯಿತು. ಈಗ ಪೇಟೆಯಲ್ಲಿ ನನ್ನನ್ನು 'ಗೇಣಜ್ಜ' ಎನ್ನುತ್ತಾರೆ. ಐದು ಭಾಷೆಯವರೂ.

ಹೋದ ವರ್ಷ ಊರಿಗೆ ಬಂದಿದ್ದೆನಲ್ಲ. ಹನುಮಂತ ಏರಿಯ ಮೇಲೆ ನಿಲ್ಲಿಸಿ, ಎಲ್ಲರ ಮುಂದೆ, "ನೀನೇ ಹೇಳು ದೊಡ್ಡಪ್ಪ, ಎಷ್ಟಿದೆ?" ಎಂದ. ತೂಬಿನ ಕಲ್ಲು ನೋಡಿದೆ. "ಆರು ಗೇಣು" ಎಂದುಬಿಟ್ಟೆ. ಇದ್ದದ್ದು ಆರೇ. ಹನುಮಂತನ ಮುಖ ಕಪ್ಪಿಟ್ಟಿತು. ಹಿಂದಿನಿಂದ ನಿಮ್ಮಲ್ಲೇ ಯಾರೋ, "ಹೊಳೆ ನೀರು ಕುಡಿದು ಕೆರೆ ಮರೆತ" ಎಂದಿರಿ. ಯಾರೆಂದು ತಿರುಗಿ ನೋಡಲಿಲ್ಲ. ಆ ಬೇಸಿಗೆ ದನಕ್ಕೆ ನೀರು ಸಾಲಲಿಲ್ಲವೆಂದು ಆಮೇಲೆ ಕೇಳಿದೆ. ಅದೂ ನನ್ನ ಲೆಕ್ಕಕ್ಕೇ.

ಬಾ ಎಂದು ಹನುಮಂತ ಮತ್ತೆ ಹೇಳಿಕಳಿಸಿದ್ದಾನೆ. ಏನು ಉತ್ತರ ಕೊಡಲಿ? ಇಲ್ಲಿ ಬೆಳಗ್ಗೆ ತಾಯಮ್ಮ ನನ್ನ ಎಡಗೈ ಬೆರಳು ಹಿಡಿದು ಹೊಳೆದಂಡೆಗೆ ಬರುತ್ತಾಳೆ. ಅವಳ ಒಂದೊಂದು ಮಾತಿನಲ್ಲೂ ಅರ್ಧ ನಮ್ಮದು, ಅರ್ಧ ಪಾತುಮ್ಮನದು. "ಎಷ್ಟು ಉಂಟು ಅಜ್ಜ?" ಎಂದು ಕೇಳುತ್ತಾಳೆ. ಕಂಬ ನೋಡಿ ಕಂಡಷ್ಟನ್ನೂ ಹೇಳುತ್ತೇನೆ, ಅರ್ಧ ಅಂಗುಲವನ್ನೂ ಬಿಡುವುದಿಲ್ಲ. ಅವಳು ಅದನ್ನೇ ಕೂಗುತ್ತಾಳೆ, ಅವಳಪ್ಪ ಬರೆದುಕೊಳ್ಳುತ್ತಾನೆ.

ನನ್ನ ಬಲಗೈ ಆ ಹೊತ್ತಿನಲ್ಲಿ ಹೊದ್ದ ಕಂಬಳಿಯ ಒಳಗಿರುತ್ತದೆ. ಯಾರಿಗೂ ಕಾಣದ ಹಾಗೆ ಗೇಣು ಅಗಲಿಸಿ ಹಿಡಿದಿರುತ್ತೇನೆ. ಅಷ್ಟು ನಿಮ್ಮದು.